ಕೈಬರಹ ನಿಲ್ಲುವ ತನಕ

ಕಳೆದ ವಾರ ಒಂದು ಬೆಳಗ್ಗೆ ಚಾಮರಾಜನಗರದ ನಮ್ಮ ಪತ್ರಿಕಾ ಕಚೇರಿಗೆ ಉಡಿಗಾಲದ ಹುಡುಗಿಯೊಬ್ಬಳು ಬಂದು ನನ್ನ ಮೇಜಿನ ಮೇಲೆ ಸ್ಪೈರಲ್ ಬೈಂಡಿಂಗ್ ಮಾಡಿಸಿದ ಪುಸ್ತಕವೊಂದನ್ನು ಇಟ್ಟಳು. ಪದವಿಯ ಮೊದಲ ವರ್ಷವಂತೆ. "ಸರ್, ಕಾದಂಬರಿ. ನಾನೇ ಬರ್ದಿದ್ದು. ಓದಿ ನೋಡ್ತೀರಾ?" ಎಂದಳು. ಕೂತ್ಕೊಳಮ್ಮ ಎನ್ನುವಷ್ಟರಲ್ಲಿ ಮೆಟ್ಟಿಲಿಳಿದು ಹೋಗಿಬಿಟ್ಟಿದ್ದಳು. ಪುಸ್ತಕದ ಮೇಲೆ ಹೆಸರಿರಲಿಲ್ಲ. ಕೊನೆಯ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದ ಫೋನ್ ನಂಬರ್ ಇತ್ತು, ಅಷ್ಟೆ.

ಕೈಗೆತ್ತಿಕೊಂಡಾಗ ಹಾಳೆಗಳು ಇನ್ನೂ ಬೆಚ್ಚಗಿದ್ದವು. ಕೆಳಗಿನ ಯಾವುದೋ ಅಂಗಡಿಯಲ್ಲಿ ಆಗಷ್ಟೇ ಜೆರಾಕ್ಸ್ ಮಾಡಿಸಿದ್ದಿರಬೇಕು. ಜೆರಾಕ್ಸ್ ಪುಡಿ ಸುಟ್ಟ ವಾಸನೆ ಬಂತು. ಟೀವಿ ಧಾರಾವಾಹಿಯ ಪಾತ್ರಗಳನ್ನಿಟ್ಟುಕೊಂಡು ಫೋನಿನಲ್ಲಿ ತನ್ನದೇ ಕಥೆ ಬರೆಯುವ, ಕಾಲೇಜೆಂದರೆ ಕೈಕಾಲು ತಣ್ಣಗಾಗುವ ಹುಡುಗಿಯೊಬ್ಬಳ ಕಥೆ ಅದು. ಇಪ್ಪತ್ತನೇ ಪುಟದಲ್ಲಿ ಅವಳು ಕಾಲೇಜಿನ ಗೇಟಿನ ಹೊರಗೆ ನಿಂತಿದ್ದಳು. ಅಲ್ಲಿಗೆ ಪುಸ್ತಕ ಮುಚ್ಚಿದೆ. ಹದಿನೈದು ವರ್ಷದಿಂದ ದಿನಕ್ಕೆ ಹತ್ತಾರು ಸುದ್ದಿ ತಿದ್ದುವವನು ನಾನು. ಓದುತ್ತಿರುವುದನ್ನು ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲ. ಆದರೆ ಇಪ್ಪತ್ತೊಂದನೇ ಪುಟ ತಿರುಗಿಸಲಾಗಲಿಲ್ಲ.

ಆ ವಾಸನೆ ನನಗೆ ಒಬ್ಬರನ್ನು ನೆನಪಿಸಿತು. ಅವರನ್ನು ಎಲ್ಲರೂ ಜೆರಾಕ್ಸ್ ಅಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತಿದ್ದೆ...

ನಮ್ಮೂರು ತೆರಕಣಾಂಬಿ. ಪಿಯುಸಿಯನ್ನು ಗುಂಡ್ಲುಪೇಟೆಯಲ್ಲಿ ಓದಿದೆ. ಅಲ್ಲಿ ಬಸ್ಸಿನ ಕಂಡಕ್ಟರಿನಿಂದ ಹಿಡಿದು ಬೆಂಚಿನ ಪಕ್ಕದವನವರೆಗೆ ಎಲ್ಲರೂ ಗೊತ್ತಿದ್ದವರು. ಪದವಿಗೆ ಚಾಮರಾಜನಗರಕ್ಕೆ ಬಂದಾಗ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಮೊದಲ ದಿನ ಸಮಾಜಶಾಸ್ತ್ರದ ಮೇಷ್ಟ್ರು ಹಾಜರಿ ಕರೆದರು. ನನ್ನ ನಂಬರ್ ನಲವತ್ತೇಳು. ಮೂವತ್ತು ದಾಟುವಾಗಲೇ ನನ್ನ ಗಂಟಲು ಒಣಗಿತ್ತು. ನಲವತ್ತರ ಹೊತ್ತಿಗೆ ಕಿವಿಯಲ್ಲಿ ಗುಯ್ ಎನ್ನುವ ಸದ್ದು. ನಲವತ್ತೇಳು ಎಂದು ಮೂರು ಸಲ ಕರೆದರು. ನನಗೆ ಕೇಳಿಸಿತು. ಬಾಯಿ ತೆರೆದೆ. ಮಾತು ಬರಲಿಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ, "ಬಾಯಿಲ್ವೇನಯ್ಯಾ? ಮನೇಲಿ ಬಿಟ್ಟು ಬಂದ್ಯಾ?" ಎಂದರು. ತರಗತಿ ನಕ್ಕಿತು.

ಅಷ್ಟೇ ನಡೆದದ್ದು. ಬರೆದರೆ ನಾಲ್ಕು ಸಾಲು. ಆದರೆ ಆಮೇಲೆ ನನಗೆ ಆ ಗೇಟು ದಾಟಲಾಗಲಿಲ್ಲ. ಮತ್ತೆ ಎರಡು ದಿನ ಹೇಗೋ ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ, ಹಾಜರಿಯ ಹೊತ್ತಿಗೆ ಎದ್ದು ಹೊರಗೆ ಬಂದೆ. ನಾಲ್ಕನೇ ದಿನ ಗೇಟಿನ ಹತ್ತಿರ ಬಂದಾಗ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ ಸತ್ತೇಹೋಗುತ್ತೇನೆ ಎಂದುಕೊಂಡೆ. ಅದಕ್ಕೊಂದು ಹೆಸರಿದೆ, ಔಷಧವೂ ಇದೆ ಎಂದು ಡಾಕ್ಟರೊಬ್ಬರು ಹೇಳಿದ್ದು ಬಹಳ ವರ್ಷಗಳ ನಂತರ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ಅಪ್ಪ ಬೆಳಗ್ಗೆ ಏಳೂವರೆಗೆ ಬಸ್ ಸ್ಟಾಪಿನ ತನಕ ಬಂದು ಹತ್ತಿಸುತ್ತಿದ್ದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಾನು ಒಳಗೆ ಹೋಗುತ್ತಿಲ್ಲ ಎಂದು ಅಪ್ಪನಿಗೆ ತಿಳಿದರೆ ಬೈಯುತ್ತಿರಲಿಲ್ಲ. ಸುಮ್ಮನೆ ನನ್ನ ಮುಖ ನೋಡುತ್ತಿದ್ದರು. ಮಾರನೇ ದಿನ ಗುಂಡ್ಲುಪೇಟೆಯ ಮಾವನ ಗೊಬ್ಬರದ ಅಂಗಡಿಗೆ ಕಳಿಸುತ್ತಿದ್ದರು. ಅಂಗಡಿಗಿಂತ ಆ ನೋಟಕ್ಕೆ ನಾನು ಹೆದರಿದ್ದೆ.

ಗೇಟಿನ ಎಡಕ್ಕೆ, ಕಾಂಪೌಂಡ್ ಗೋಡೆಗೆ ಅಂಟಿದಂತೆ ಕಾಲೇಜಿನವರೇ ಕಟ್ಟಿಸಿ ಬಾಡಿಗೆಗೆ ಕೊಟ್ಟ ಮೂರು ಸಣ್ಣ ಮಳಿಗೆಗಳಿದ್ದವು. ನಡುವಿನದು ಅಕ್ಕನ ಜೆರಾಕ್ಸ್ ಅಂಗಡಿ. ಅವತ್ತು ಓಡಿಹೋಗಲು ಬೇರೆ ಜಾಗ ಕಾಣದೆ ಅದರೊಳಗೆ ನುಗ್ಗಿದೆ. ಅಕ್ಕ "ಏನಪ್ಪ?" ಎಂದರು. ಬ್ಯಾಗಿನಲ್ಲಿ ಕೈಗೆ ಸಿಕ್ಕಿದ್ದು ಪಿಯುಸಿ ಅಂಕಪಟ್ಟಿ. ಒಂದು ಬೆರಳು ತೋರಿಸಿದೆ. ಒಂದು ಕಾಪಿ ಕೊಟ್ಟರು. ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ.

ಹೀಗೆ ಅಂಗಡಿಗೆ ಹೋದ ನಾಲ್ಕನೇ ದಿನ ಅಕ್ಕ ಅಂಕಪಟ್ಟಿಯನ್ನು ಗಾಜಿನ ಮೇಲೆ ಇಡಲಿಲ್ಲ. ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು.

"ಇದು ನಾಕ್ನೇ ಸಲ ಕಣ್ಲಾ. ಎಷ್ಟ್ ಕಾಲೇಜ್ ಸೇರ್ಬೇಕಂತಿದ್ದೀಯ?"

ನಾನು ತಲೆ ತಗ್ಗಿಸಿದೆ.

"ಇಂಗ್ಲಿಷ್ನಲ್ಲಿ ಐವತ್ತೆಂಟು ಬಂದದೆ. ನಾನು ಎಲ್ಡ್ ಸಲ ಕುಂತು ಎಲ್ಡ್ ಸಲಾನೂ ಹೋಯ್ತು. ಐವತ್ತೆಂಟು ತಗೊಂಡೋನು ಹಿಂಗ್ಯಾಕ್ಲಾ ಬೆವರ್ತಿದ್ದೀಯ? ಬಾ, ಕುಂತ್ಕೊ."

ಮಿಷನ್ನಿನ ಹಿಂದೆ ಒಂದು ಗಿಡ್ಡ ಬೆಂಚಿತ್ತು. ಅದರ ಮುಂದೆ ಹಳೇ ಸೀರೆಯ ಪರದೆ. ಅಲ್ಲಿ ಕೂತರೆ ರಸ್ತೆಯಿಂದ ಯಾರಿಗೂ ಕಾಣುತ್ತಿರಲಿಲ್ಲ. ಮುಂದಿನ ಎರಡು ತಿಂಗಳು ನನ್ನ ಕಾಲೇಜು ಆ ಬೆಂಚೇ ಆಯಿತು.

ಅಕ್ಕ ಚಂದಕವಾಡಿಯವರು. ಮೂವತ್ತೈದು ದಾಟಿತ್ತು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವವರಿಗೆ "ಒರಿಜಿನಲ್ ಸಿಕ್ನಿಲ್ಲ, ಬರೀ ಜೆರಾಕ್ಸೇ ಬಂದೊ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಬೆಳಗ್ಗೆ ಮಿಷನ್ ಹಾಕಿದರೆ ಅದು ಬಿಸಿಯಾಗಲು ನಾಲ್ಕೈದು ನಿಮಿಷ ಬೇಕಿತ್ತು. ಹುಡುಗರು ಅವಸರ ಮಾಡಿದರೆ, "ಬಿಸಿ ಆಗೋಗಂಟ ಗುಂಡಿ ಒತ್ಬಾರ್ದು. ಒತ್ತಿದ್ರೆ ಹಾಳೆ ಕಚ್ಕತದೆ. ನಿಂತ್ಕಳಿ" ಎನ್ನುತ್ತಿದ್ದರು. ನನ್ನ ವಿಷಯದಲ್ಲೂ ಅವರು ಅದನ್ನೇ ಮಾಡಿದರೆಂದು ಈಗ ಅನ್ನಿಸುತ್ತದೆ. ಯಾಕೆ ಒಳಗೆ ಹೋಗುತ್ತಿಲ್ಲ ಎಂದು ಮೊದಲ ಹದಿನೈದು ದಿನ ಒಂದು ಮಾತೂ ಕೇಳಲಿಲ್ಲ.

ಆ ಅಂಗಡಿಯ ಜೀವ ಇದ್ದದ್ದು ಕಾಪಿಗೆಂದು ಇಟ್ಟುಕೊಂಡ ಮೂಲಪ್ರತಿಗಳಲ್ಲಿ, ಅಂದರೆ ಮಾಸ್ಟರ್‌ಗಳಲ್ಲಿ. ಚೆನ್ನಾಗಿ ಓದುವವರು ನೋಟ್ಸ್ ಕಾಪಿ ಮಾಡಿಸಲು ತಂದಾಗ ಅಕ್ಕ ಅವರನ್ನು ಕೇಳಿ ಒಂದು ಪ್ರತಿ ತಾವೇ ಇಟ್ಟುಕೊಳ್ಳುತ್ತಿದ್ದರು. ಕಂದು ರಟ್ಟು ಹೊದಿಸಿ, ಮೇಲೆ ದಪ್ಪ ಮಾರ್ಕರಿನಲ್ಲಿ ವಿಷಯದ ಹೆಸರು ಬರೆದು, ಗೋಡೆಯ ಹಗ್ಗಕ್ಕೆ ಸಾಲಾಗಿ ತೂಗುಹಾಕುತ್ತಿದ್ದರು. ಪರೀಕ್ಷೆ ಬಂದಾಗ ಹುಡುಗರು "ಅಕ್ಕ, ಹಿಸ್ಟರಿ ಮಾಸ್ಟರ್ ಒಂದ್ ಸೆಟ್ಟು" ಎಂದು ಕೇಳಿ ಒಯ್ಯುತ್ತಿದ್ದರು. ಮಿಷನ್ನಿಗೆ ಇಡುವ ಪ್ರತಿಯೊಂದು ಪುಟವನ್ನೂ ಅಕ್ಕ ಓದುತ್ತಿದ್ದರು. ಹಸಿರು ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಷ್ಟರಲ್ಲಿ ಅವರ ಕಣ್ಣು ಪುಟ ಮುಗಿಸಿರುತ್ತಿತ್ತು. ಎಷ್ಟು ಪುಟ ತೆಗೆಯಬೇಕು ಎನ್ನುವುದಕ್ಕೆ ಅವರದೊಂದೇ ಲೆಕ್ಕ: ಕೈಬರಹ ನಿಲ್ಲುವ ತನಕ ತಿರುಗಿಸುವುದು.

ನಾನು ಬೆಂಚಿನಲ್ಲಿ ಕೂತು ಕಥೆ ಬರೆಯುತ್ತಿದ್ದೆ. ಅದರ ಮೂಲವನ್ನೂ ಹೇಳಬೇಕು. ಅಜ್ಜಿ ಸಂಜೆ ಒಂದು ಧಾರಾವಾಹಿ ನೋಡುತ್ತಿದ್ದಳು. ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಗುವುದು ನಮ್ಮೂರಲ್ಲಿ ಮಾಮೂಲು. ಆಗ ಅಜ್ಜಿ "ಇವತ್ತೇನಾಗಿರ್ತದ್ಲಾ ಮಗ, ಯೋಳು" ಎನ್ನುತ್ತಿದ್ದಳು. ನಾನು ಕಟ್ಟಿ ಹೇಳುತ್ತಿದ್ದೆ. ಆ ಧಾರಾವಾಹಿಯಲ್ಲಿ ಕಿರಿಸೊಸೆಯೊಬ್ಬಳಿದ್ದಳು. ಮೂರು ವರ್ಷದಲ್ಲಿ ಅವಳಿಗೆ ಒಂದು ಮಾತೂ ಇರಲಿಲ್ಲ. ಕಾಫಿ ತಟ್ಟೆ ಹಿಡಿದು ಬರುವಳು, ಹೋಗುವಳು. ನನ್ನ ಕಥೆಗಳೆಲ್ಲ ಅವಳವು. ಮುಂದೆ ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಈಗ ಇದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ, ಸಾವಿರಾರು ಮಕ್ಕಳು ಬರೆಯುತ್ತಾರೆ. ಆಗ ನನ್ನ ಮಟ್ಟಿಗೆ ಅದೊಂದು ಮುಚ್ಚಿಡಬೇಕಾದ ಕಾಯಿಲೆ. ಮೀಸೆ ಚಿಗುರಿದ ಗಂಡುಹುಡುಗ ಹೆಂಗಸರ ಧಾರಾವಾಹಿಗೆ ಕಥೆ ಬರೆಯುತ್ತಾನೆಂದು ಗೊತ್ತಾದರೆ ಏನಾಗುತ್ತದೆ ಎಂದು ಊಹಿಸಲು ನನಗೆ ಕಷ್ಟವಿರಲಿಲ್ಲ.

ಅಕ್ಕನಿಗೆ ಗೊತ್ತಾಗಿಹೋಯಿತು. ನೋಟ್‌ಬುಕ್ಕನ್ನು ಬೆಂಚಿನ ಮೇಲೆ ಮರೆತುಹೋಗಿದ್ದೆ. ಮರುದಿನ ಬೆಳಗ್ಗೆ ನಾನು ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ, ಅಕ್ಕ ಶುರುಮಾಡಿದರು:

"ಅಲ್ಲ ಕಣ್ಲಾ, ಆ ಹೆಣ್ಣ್ನ ಬಸ್‌ಸ್ಟ್ಯಾಂಡಲ್ಲಿ ನಿಲ್ಸ್ಬುಟ್ಟು ಎದ್ದೋಗಿದ್ದೀಯಲ್ಲ! ಮುಂದಕ್ಕೇನಾಯ್ತು?"

ನಗುತ್ತಾರೆಂದು ಕಾದೆ. ಅಕ್ಕ ನಗಲಿಲ್ಲ. ಅವರಿಗೆ ನಿಜವಾಗಿಯೂ ಮುಂದೇನಾಯಿತೆಂದು ತಿಳಿಯಬೇಕಿತ್ತು.

ಅಂದಿನಿಂದ ದಿನಕ್ಕೆ ಎರಡು ಪುಟ ಬರೆದು ಅಕ್ಕನಿಗೆ ಕೊಡುವುದು ನಡೆಯಿತು. ಕಿರಿಸೊಸೆ ಕಾಫಿ ತಟ್ಟೆ ಕೆಳಗಿಟ್ಟು ಕಾಲೇಜು ಸೇರಿದಳು. ಗೇಟಿನ ತನಕ ಬಂದಳು. ಅಲ್ಲಿ ನಿಂತಳು. ಎಷ್ಟು ದಿನವಾದರೂ ಅಲ್ಲೇ ನಿಂತಳು... "ಕಾಲ್ ನೋಯಲ್ವೇನ್ಲಾ ಅವ್ಳಿಗೆ?" ಎಂದು ಅಕ್ಕ ರೇಗಿಸುತ್ತಿದ್ದರು.

ಮೊದಲ ಕಿರುಪರೀಕ್ಷೆ ಹತ್ತಿರ ಬಂತು. ಸಮಾಜಶಾಸ್ತ್ರದ ಮಾಸ್ಟರಿನಲ್ಲಿ ಕಾಪಿಯ ಮೇಲೆ ಕಾಪಿಯಾಗಿ ಅಕ್ಷರ ಮಾಸಿಹೋಗಿತ್ತು. ನನ್ನ ಅಕ್ಷರ ದುಂಡಗಿತ್ತು. ಹೊಸದಾಗಿ ಬರೆದುಕೊಡು ಎಂದು ಅಕ್ಕ ಉದ್ದನೆಯ ನೋಟ್‌ಬುಕ್ ಕೊಟ್ಟರು. ಎರಡು ದಿನ ಕೂತು ಬರೆದೆ. ಹದಿನೇಳು ಪುಟಕ್ಕೆ ನೋಟ್ಸ್ ಮುಗಿಯಿತು. ಖಾಲಿ ಹಾಳೆ ಕಂಡರೆ ಸುಮ್ಮನಿರಲಾಗದೆ ಹದಿನೆಂಟನೇ ಪುಟದಿಂದಲೇ ಕಥೆ ಮುಂದುವರಿಸಿದೆ. ಅಕ್ಕ ಹೇಗೂ ಓದುತ್ತಾರೆ, ಓದಿ ಆ ಹಾಳೆಗಳನ್ನು ಬೇರೆ ತೆಗೆದಿಡುತ್ತಾರೆ ಎಂದುಕೊಂಡೆ. ಆ ಪುಟಗಳಲ್ಲಿ ಕಿರಿಸೊಸೆ ಕೊನೆಗೂ ತರಗತಿಯಲ್ಲಿ ಕೂತಿದ್ದಳು. ಹಾಜರಿಗೆ ಅವಳ ದನಿ ಹೊರಡಲಿಲ್ಲ. ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸುವ ಮೇಷ್ಟ್ರೊಬ್ಬರು, "ಬಾಯಿಲ್ವೇನಮ್ಮಾ? ಮನೇಲಿ ಬಿಟ್ಟು ಬಂದ್ಯಾ?" ಎಂದರು. ಅವಳು ಎದ್ದು ಹೊರಗೆ ಬಂದಳು. ನೋಟ್‌ಬುಕ್ಕನ್ನು ಅಕ್ಕನ ಮೇಜಿನ ಮೇಲಿಟ್ಟು ಸಂಜೆಯ ಬಸ್ ಹಿಡಿದೆ.

ಮರುದಿನ ಬಸ್ಸು ಕೆಟ್ಟು ನಿಂತು, ನಾನು ಬರುವಾಗ ಹನ್ನೊಂದು ದಾಟಿತ್ತು. ಅಂಗಡಿ ಖಾಲಿಯಿತ್ತು. ಅಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಅವರ ಮುಖ ನೋಡಿದ ಕೂಡಲೇ ಏನೋ ಆಗಿದೆ ಎಂದು ತಿಳಿಯಿತು.

"ಒಂಬತ್ತ್ ಗಂಟೆಗೆ ಮುತ್ಗೆ ಹಾಕ್ಬುಟ್ರು ಕಣ್ಲಾ. ಒಬ್ಬೊಬ್ಬನೂ ಅಕ್ಕ ಅಕ್ಕ ಅಂತ. ನಲವತ್ತು ಅಂತ ಹಾಕಿ ತಿರುಗ್ಸ್ತಾ ಹೋದೆ. ಬರ್ದಿರೋದು ನಿಲ್ಲೋಗಂಟ..." ಅಕ್ಕ ನನ್ನ ಕಡೆ ನೋಡಲಿಲ್ಲ. "ಇಷ್ಟ್ ವರ್ಷದಲ್ಲಿ ಇವತ್ತೊಂದಿನ ಓದ್ದೆ ಒತ್ಬುಟ್ಟೆ."

ನಲವತ್ತು ಸೆಟ್ಟು. ಪ್ರತಿಯೊಂದರಲ್ಲೂ ಹದಿನೇಳು ಪುಟ ಸಮಾಜಶಾಸ್ತ್ರ, ಹನ್ನೆರಡು ಪುಟ ನನ್ನ ಕಿರಿಸೊಸೆ. ನನ್ನ ಕೈಬರಹದಲ್ಲಿ.

ಪರದೆಯ ಹಿಂದೆ ಹೋಗಿ ಕೂತೆ. ಮಧ್ಯಾಹ್ನ ತರಗತಿ ಬಿಟ್ಟಾಗ ಹುಡುಗರು ಬಂದರು. ಅವರ ಕಾಲುಗಳು ಪರದೆಯ ಕೆಳಗೆ ಕಾಣುತ್ತಿದ್ದವು.

"ಅಕ್ಕೋ, ಸೋಶಿಯಾಲಜಿ ಎಲ್ಡ್ನೇ ಭಾಗ ಯಾವಾಗ್ ಬತ್ತದೆ?" ಎಂದ ಒಬ್ಬ.

"ಕಿರಿಸೊಸೆ ಪರೀಕ್ಷೆಗೆ ಬತ್ತಾಳಾ ಕೇಳ್ಲಾ" ಎಂದ ಇನ್ನೊಬ್ಬ. "ಬಂದ್ರೆ ಐದ್ ಮಾರ್ಕ್ಸಾ, ಹತ್ ಮಾರ್ಕ್ಸಾ?"

"ಬರ್ದೋನು ಯಾವನಕ್ಕ? ಮೇಷ್ಟ್ರುನ್ನ ಹಂಗೇ ಇಳ್ಸ್ಬುಟ್ಟವ್ನೆ, ಕನ್ನಡಕದ ಸಮೇತ!"

"ಓಗ್ರೋ, ಓದ್ಕಳ್ರೋ" ಎಂದರು ಅಕ್ಕ.

ಅವರು ಹೋದ ಮೇಲೆ ಒಂದು ಜೊತೆ ಚಪ್ಪಲಿ ಮಾತ್ರ ಉಳಿಯಿತು. ಹುಡುಗಿಯದು. ಆಮೇಲೆ ಸಣ್ಣ ದನಿಯಲ್ಲಿ, "ಅಕ್ಕ, ನಂಗೂ ಹಂಗೇ ಅಂದಿದ್ರು. ಬಾಯ್ ಮನೇಲ್ ಬುಟ್ಬಂದ್ಯಾ ಅಂತ. ನಂಗೂ ಅವತ್ತು ಮಾತೇ ಬರ್ನಿಲ್ಲ ಕಣಕ್ಕ" ಎಂದಳು. ಸ್ವಲ್ಪ ನಿಂತು, "ಬರ್ದೋರಿಗೆ ಯೋಳ್ಬುಡಿ" ಎಂದು ಹೋದಳು.

ಆ ಹುಡುಗಿಯ ಮುಖ ನಾನು ನೋಡಲಿಲ್ಲ. ಆದರೆ ಅವಳ ಮಾತು ಕೇಳಿದ ಮೇಲೆ ಎದೆಬಡಿತ ಸ್ವಲ್ಪ ಇಳಿಯಿತು. ಹಾಗೆ ಆಗುವುದು ಈ ಲೋಕದಲ್ಲಿ ನನಗೊಬ್ಬನಿಗೇ ಎಂದು ನಾನು ಅಲ್ಲಿಯತನಕ ನಂಬಿದ್ದೆ.

ಇಳಿದದ್ದು ಅರ್ಧ ಗಂಟೆ ಮಾತ್ರ. ಮೂರು ಗಂಟೆಗೆ ಮೇಷ್ಟ್ರೇ ಬಂದರು. ಕಪ್ಪು ಬೂಟು. ಕೌಂಟರಿನ ಮೇಲೆ ಹಾಳೆಗಳನ್ನು ಇಟ್ಟ ಸದ್ದು ಕೇಳಿಸಿತು.

"ಇದು ಇಲ್ಲಿಂದ ಹೋಗಿದ್ದಾ?"

"ಹೂಂ ಸಾ."

"ಯಾರ ಕೈಬರಹ ಇದು?"

ನನಗೂ ಮೇಷ್ಟ್ರಿಗೂ ನಡುವೆ ಮೂರಡಿ ಜಾಗ, ಒಂದು ಸೀರೆ. ಹಾಜರಿ ಕಡಿಮೆಯಾದವರನ್ನು ಪರೀಕ್ಷೆಗೆ ಕೂರಿಸುವುದು ಬಿಡುವುದು ಇವರ ಸಹಿಯ ಮೇಲೆ ನಿಂತಿತ್ತು. ನನ್ನ ಹೆಸರು ಹೊರಬಂದರೆ ಸಂಜೆಯೊಳಗೆ ಅಪ್ಪನಿಗೆ ಫೋನ್ ಹೋಗುತ್ತಿತ್ತು.

"ನಂದೇ ಸಾ" ಎಂದರು ಅಕ್ಕ.

"ನಿಂದಾ? ಸಮಾಜಶಾಸ್ತ್ರ ನೀನು ಬರೆದ್ಯಾ?"

"ವರ್ಷೊರ್ಷ ನಿಮ್ ನೋಟ್ಸ್ನೇ ತಿರುಗ್ಸಿ ತಿರುಗ್ಸಿ ಒತ್ತಾ ಇವ್ನಿ ಸಾ, ಬಾಯ್ಪಾಠ ಆಗದೆ ಇರ್ತದಾ? ಅಕ್ಷರ ಮಾಸಿತ್ತು, ಬರ್ದೆ. ಕತೇನೂ ನಂದೇ. ಹೊತ್ತೋಗಲ್ವಲ್ಲ ಸಾ ಕುಂತು ಕುಂತು."

"ಬರಿ ನೋಡೋಣ. ಇಲ್ಲೇ, ಒಂದು ಸಾಲು" ಎಂದು ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದ ಸದ್ದಾಯಿತು.

ಈ ಕ್ಷಣವನ್ನು ನಾನು ಎಷ್ಟೋ ಸಲ ತಿದ್ದಿ ಬರೆಯಲು ನೋಡಿದ್ದೇನೆ. ಪರದೆ ಸರಿಸಿ ಎದ್ದು ನಿಂತು, ಅದು ನನ್ನದು ಸರ್ ಎಂದು ಹೇಳಿದಂತೆ. ನಡೆದದ್ದು ಹಾಗಲ್ಲ. ಬಾಯಿ ತೆರೆದೆ. ದನಿ ಹೊರಡಲಿಲ್ಲ. ಕೂತೇ ಇದ್ದೆ.

ಅಕ್ಕ ಪೆನ್ನು ಮುಟ್ಟಲಿಲ್ಲ. "ಪೆನ್ನು ಕೈಗೆ ಕೂರಲ್ಲ ಸಾ" ಎಂದು ರಟ್ಟಿನ ಮೇಲೆ ಬರೆಯುವ ಮಾರ್ಕರ್ ತೆಗೆದು ಏನೋ ಬರೆದರು. ಮಾರ್ಕರಿನ ಕಿರುಗುಟ್ಟುವಿಕೆ ಕೇಳಿಸಿತು. ಮೇಷ್ಟ್ರು ಆ ದಪ್ಪ ಅಕ್ಷರಗಳನ್ನು ನೋಡಿರಬೇಕು, ನನ್ನ ದುಂಡಗಿನ ಅಕ್ಷರಗಳನ್ನೂ ನೋಡಿರಬೇಕು.

"ಸುಳ್ಳು ಹೇಳೋಕೆ ನಿನಗಾದರೂ ಬಾಯಿದೆ" ಎಂದು ಹೊರಟುಹೋದರು.

ಅಕ್ಕ ಪರದೆ ಸರಿಸಿದರು. ಕೈಯಲ್ಲಿ ಇನ್ನೂ ಮಾರ್ಕರಿತ್ತು, ಮುಚ್ಚಳ ಎರಡು ಸಲ ಹಾಕಿದರೂ ಕೂರಲಿಲ್ಲ. ಅವರೂ ಹೆದರಿದ್ದರೆಂದು ಆಗ ತಿಳಿಯಿತು. "ನಿನ್ ಬದ್ಲಿಗೆ ಇವತ್ತು ನಾನು ಬಾಯ್ ಬುಟ್ಟಿವ್ನಿ. ದಿನಾ ಆಗಕಿಲ್ಲ ಕಣ್ಲಾ. ನಾಳೆ ಒಳಿಕ್ಕೋಗು. ಮೊದ್ಲು ಆ ಹೆಣ್ಣ್ನ ವಾಪಸ್ ಕರ್ಕೊಂಡೋಗಿ ಕ್ಲಾಸಲ್ಲಿ ಕೂರ್ಸು."

ಮರುದಿನ ಹೋದೆ. ಧೈರ್ಯ ಬಂದಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಭಯ ಅಷ್ಟೇ ಇತ್ತು. ಗೇಟಿನಲ್ಲಿ ಹಿಂತಿರುಗಿ ನೋಡಿದಾಗ ಅಕ್ಕ ಮಿಷನ್ ಹಾಕಿ, ಬಿಸಿಯಾಗಲೆಂದು ಕಾಯುತ್ತ ನಿಂತಿದ್ದರು. ಅವರು ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ ಎಂದು ನನ್ನ ನಂಬಿಕೆ. ನಲವತ್ತೇಳು ಎಂದಾಗ ನನ್ನ ಬಾಯಿಂದ ಸದ್ದೊಂದು ಬಂತು. ಮಾತು ಎನ್ನಲಾಗದು, ಸದ್ದು. ಮೇಷ್ಟ್ರು ತಲೆಯೆತ್ತಿ ನನ್ನನ್ನು ಬಹಳ ಹೊತ್ತು ನೋಡಿದರು. ಗುರುತು ಹಾಕಿಕೊಂಡು ನಲವತ್ತೆಂಟು ಎಂದರು.

ವರ್ಷದ ಕೊನೆಗೆ ನನ್ನ ಹಾಜರಿ ಹೇಗೋ ಸರಿಹೋಯಿತು. ಮೇಷ್ಟ್ರು ಸಹಿ ಹಾಕಿದ್ದರು. ಅವರಿಗೆ ಗೊತ್ತಿತ್ತೋ ಇಲ್ಲವೋ, ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಆದರೆ ಅದಕ್ಕೂ ಮೊದಲೇ, ಆ ವರ್ಷದ ದಸರಾ ರಜೆ ಮುಗಿಸಿ ಬಂದಾಗ ನಡುವಿನ ಮಳಿಗೆಯ ಷಟರ್ ಎಳೆದಿತ್ತು. ಕಾಲೇಜಿನವರು ಬಾಡಿಗೆ ಮುಂದುವರಿಸಲಿಲ್ಲವಂತೆ ಎಂದು ಪಕ್ಕದ ಟೀ ಅಂಗಡಿಯವರು ಹೇಳಿದರು. ಮೇಷ್ಟ್ರ ಮುಂದೆ ಅಕ್ಕ ಹೇಳಿದ ಸುಳ್ಳಿಗೂ ಇದಕ್ಕೂ ಸಂಬಂಧವಿದೆ ಎನ್ನಲು ನನ್ನ ಬಳಿ ದಾಖಲೆಯಿಲ್ಲ. ಇಲ್ಲ ಎನ್ನಲು ಧೈರ್ಯವೂ ಇಲ್ಲ. ಅಕ್ಕ ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡ್ ಹತ್ತಿರ ಮಿಷನ್ ಇಟ್ಟಿದ್ದಾರೆಂದು ಅದೇ ವಾರ ಗೊತ್ತಾಯಿತು. ನಮ್ಮೂರಿಂದ ಅರ್ಧ ಗಂಟೆಯ ದಾರಿ. ಹೋಗಲಿಲ್ಲ. ಈ ವಾರ, ಮುಂದಿನ ವಾರ ಎನ್ನುತ್ತ ಮೂರು ವರ್ಷ, ಆಮೇಲೆ ಕೆಲಸ ಸಿಕ್ಕಿ ಮತ್ತಷ್ಟು ವರ್ಷ... ನನ್ನಿಂದ ಅಂಗಡಿ ಹೋಯಿತೆಂದು ಅಕ್ಕ ಹೇಳಿಬಿಟ್ಟರೆ ಎನ್ನುವ ಭಯ. ಅವರು ಹಾಗೆ ಹೇಳುವವರಲ್ಲವೆಂದು ಗೊತ್ತಿದ್ದೂ.

ಕೊನೆಗೊಂದು ದಿನ ಸುದ್ದಿಗೆಂದು ಗುಂಡ್ಲುಪೇಟೆಗೆ ಹೋದಾಗ ಹಳೆಯ ಪಿಯುಸಿ ಅಂಕಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡೆ. ಕೌಂಟರಿನ ಮೇಲಿಟ್ಟು ಒಂದು ಬೆರಳು ತೋರಿಸುವುದು, ಅಕ್ಕ "ಐದ್ನೇ ಸಲ ಕಣ್ಲಾ" ಎನ್ನುವುದು, ಇಷ್ಟನ್ನೂ ಬಸ್ಸಿನಲ್ಲೇ ಬರೆದುಕೊಂಡಿದ್ದೆ, ಮನಸ್ಸಿನಲ್ಲಿ. ಅಂಗಡಿಯಲ್ಲಿ ಬೇರೆ ಹೆಂಗಸಿದ್ದರು. ಅಂಕಪಟ್ಟಿ ಹಿಡಿದು ನಾನು ಒಳಗೆ ಇಣುಕುವುದನ್ನು ನೋಡಿ, "ಅಕ್ಕುನ್ನ ಕೇಳ್ಕೊಂಡ್ ಬಂದ್ರಾ? ಅವ್ರು ತೀರ್ಕೊಂಡು ಒಂದೊರ್ಸ ಆಯ್ತಲ್ಲ ಸಾ" ಎಂದರು. ಆಮೇಲೆ, "ಎಷ್ಟ್ ಕಾಪಿ?" ಎಂದರು.

ಬಾಯಿ ತೆರೆದೆ. ಬರಲಿಲ್ಲ. ಒಂದು ಬೆರಳು ತೋರಿಸಿದೆ.

ಇದನ್ನು ಬರೆಯುವ ಹೊತ್ತಿಗೆ ಮೇಜಿನ ಮೇಲಿನ ಸ್ಪೈರಲ್ ಪುಸ್ತಕ ತಣ್ಣಗಾಗಿ ಒಂದು ವಾರವಾಗಿದೆ. ಮೂಗಿಗೆ ಹಿಡಿದರೆ ಬರೀ ಕಾಗದದ ವಾಸನೆ. ಆ ಹನ್ನೆರಡು ಪುಟಗಳ ಒಂದು ಪ್ರತಿಯೂ ನನ್ನಲ್ಲಿಲ್ಲ. ಅಕ್ಕ ಮಾರ್ಕರಿನಲ್ಲಿ ಆವತ್ತು ಏನು ಬರೆದರೆಂದು ನಾನು ಕೇಳಲೇ ಇಲ್ಲ, ಇನ್ನು ಕೇಳುವಂತಿಲ್ಲ.

ಇವತ್ತು ಬೆಳಗ್ಗೆ ಇಪ್ಪತ್ತೊಂದನೇ ಪುಟ ತಿರುಗಿಸಿ, ನಿಲ್ಲಿಸದೆ ಕೊನೆಯವರೆಗೆ ಓದಿದೆ. ಪೆನ್ಸಿಲಿನ ನಂಬರಿಗೆ ಫೋನ್ ಮಾಡಿ, ನಾನು ಯಾರೆಂದು ಹೇಳಿ, "ಓದಿದೆ ಕಣಮ್ಮ, ಆದಿತ್ಯವಾರದ ಪುರವಣಿಯಲ್ಲಿ ಕಂತುಗಳಾಗಿ ಹಾಕೋಣ ಅಂತಿದ್ದೀನಿ. ನಿನ್ನ ಹೆಸರು ಹಾಕ್ಲಾ, ಬೇಡ್ವಾ?" ಎಂದು ಕೇಳಿದೆ.

ಆ ಕಡೆಯಿಂದ ಉತ್ತರವಿಲ್ಲ. ಉಸಿರಾಟ ಮಾತ್ರ ಕೇಳಿಸುತ್ತಿತ್ತು, ಸಣ್ಣಗೆ, ವೇಗವಾಗಿ. ಹಲೋ, ಕೇಳಿಸ್ತಾ ಇದೆಯಾ ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಬಿಸಿಯಾಗುವ ತನಕ ಗುಂಡಿ ಒತ್ತಬಾರದು. ಫೋನನ್ನು ಕಿವಿಗೆ ಹಿಡಿದು ಕಾಯುತ್ತ ಕೂತೆ.